ಪರದೇಶದಲ್ಲಿ ಸಂಸ್ಕೃತಿಯ ಓದು: ಬರ್ಮಿಂಗ್‌ಹ್ಯಾಮ್, ಸ್ಟೂಅರ್ಟ್ ಹಾಲ್ ಮತ್ತು ಅನಂತಮೂರ್ತಿ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಅದರ ನೇರ ಅರ್ಥ. ದಿಕ್ಕಿಲ್ಲದವನು, ತನ್ನವರೆನ್ನುವವರು ಇಲ್ಲದವನು ಎಂಬುದು ಆಡುಮಾತು ಸೇರಿಸಿದ ಅರ್ಥ. ವಿದ್ಯೆಗಾಗಿ ಕಡಲು ದಾಟಿದವರ ಚರಿತ್ರೆಯನ್ನು ಬರೆಯುವಾಗ ಸಾಮಾನ್ಯವಾಗಿ ಪದವಿ, ಹುದ್ದೆ, ಕೀರ್ತಿಗಳ ಲೆಕ್ಕ ಮಾತ್ರ ಉಳಿದು, ಈ ಎರಡನೆಯ ಅರ್ಥ ಮರೆಯಾಗಿಬಿಡುತ್ತದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಒಂದು ಅಧ್ಯಯನಶಾಖೆಯ ಮಟ್ಟಿಗೆ, ಈ ಎರಡೂ ಅರ್ಥಗಳಲ್ಲಿ ಪರದೇಶಿಯಾಗಿರುವ ಸ್ಥಿತಿಯೇ ಅದರ ತಳಹದಿಯಾಯಿತು. ಇಂದು ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ‘ಕಲ್ಚರಲ್ ಸ್ಟಡೀಸ್’ ಎಂದು ಕರೆಯಲಾಗುವ, ಕನ್ನಡದಲ್ಲಿ ‘ಸಂಸ್ಕೃತಿ ಅಧ್ಯಯನ’ ಎಂದು ರೂಢಿಗೆ ಬಂದಿರುವ ಜ್ಞಾನಶಿಸ್ತು ಅದು.

1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದ ಆಶ್ರಯದಲ್ಲಿ ‘ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರ’ ಆರಂಭವಾಯಿತು. ಅದನ್ನು ಸ್ಥಾಪಿಸಿದವರು ಅಲ್ಲಿನ ಇಂಗ್ಲಿಷ್ ಪ್ರಾಧ್ಯಾಪಕ ರಿಚರ್ಡ್ ಹೊಗಾರ್ಟ್. ಅವರ ಆಹ್ವಾನದ ಮೇಲೆ ಮೊದಲ ಸಂಶೋಧಕರಾಗಿ ಬಂದವರು ಜಮೈಕಾದಲ್ಲಿ ಹುಟ್ಟಿ ಬೆಳೆದ ಸ್ಟೂಅರ್ಟ್ ಹಾಲ್. ಅದೇ ವರ್ಷಗಳಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ತೀರ್ಥಹಳ್ಳಿ ಸೀಮೆಯಿಂದ ಹೋದ ಯು. ಆರ್. ಅನಂತಮೂರ್ತಿಯವರು ಡಾಕ್ಟರೇಟ್ ಪದವಿಗಾಗಿ ಓದುತ್ತಿದ್ದರು. ಇಬ್ಬರೂ 1932ರಲ್ಲಿ ಜನಿಸಿದವರು. ಇಬ್ಬರೂ 2014ರಲ್ಲಿ ತೀರಿಕೊಂಡವರು. ಒಬ್ಬರು ಹೋದ ದೇಶದಲ್ಲಿಯೇ ಉಳಿದರು, ಇನ್ನೊಬ್ಬರು ಊರಿಗೆ ಮರಳಿದರು. ಇವರಿಬ್ಬರ ಹಾದಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ, ಪರದೇಶದಲ್ಲಿ ಸಂಸ್ಕೃತಿಯನ್ನು ಓದುವುದೆಂದರೆ ನಿಜವಾಗಿ ಏನನ್ನು ಓದುವುದು ಎಂಬ ಪ್ರಶ್ನೆಗೆ ಉತ್ತರದ ಸುಳಿವು ಸಿಗುತ್ತದೆ.

ವಿದ್ಯಾರ್ಥಿವೇತನವೆಂಬ ಸೇತುವೆ

ಸ್ಟೂಅರ್ಟ್ ಹಾಲ್ 1951ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಮೆರ್ಟನ್ ಕಾಲೇಜಿಗೆ ಬಂದರು. ಈ ವಿದ್ಯಾರ್ಥಿವೇತನದ ಮೂಲದಲ್ಲಿದ್ದುದು ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳಿಂದ ಧನಿಕನಾದ, ಬ್ರಿಟಿಷ್ ಸಾಮ್ರಾಜ್ಯದ ವಿಸ್ತರಣೆಯನ್ನೇ ಜೀವನದ ಗುರಿಯಾಗಿಸಿಕೊಂಡಿದ್ದ ಸೆಸಿಲ್ ರೋಡ್ಸ್‌ನ ಉಯಿಲು. ವಸಾಹತುಗಳ ಪ್ರತಿಭಾವಂತರನ್ನು ಆಕ್ಸ್‌ಫರ್ಡಿಗೆ ಕರೆತಂದು, ಅವರನ್ನು ಸಾಮ್ರಾಜ್ಯದ ಆದರ್ಶಗಳಿಗೆ ಬೆಸೆಯುವುದು ಅದರ ಆಶಯ. ಹನ್ನೆರಡು ವರ್ಷಗಳ ಬಳಿಕ ಅನಂತಮೂರ್ತಿಯವರನ್ನು ಇಂಗ್ಲೆಂಡಿಗೆ ಕರೆದೊಯ್ದದ್ದು ಬೇರೊಂದು ವ್ಯವಸ್ಥೆ. ಸಾಮ್ರಾಜ್ಯ ಕರಗಿ ‘ಕಾಮನ್‌ವೆಲ್ತ್’ ಎಂಬ ಹೊಸ ಹೆಸರಿನ ಕೂಟವಾಗಿ ಮಾರ್ಪಟ್ಟ ಮೇಲೆ, 1959ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆಯದು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಅಧ್ಯಾಪಕರಾಗಿದ್ದ ಅನಂತಮೂರ್ತಿಯವರು 1963ರಲ್ಲಿ ಅದರ ನೆರವಿನಿಂದ ಬರ್ಮಿಂಗ್‌ಹ್ಯಾಮಿಗೆ ತೆರಳಿದರು.

ಎರಡು ವಿದ್ಯಾರ್ಥಿವೇತನಗಳ ಹಿಂದೆಯೂ ಒಂದು ಸಮಾನ ಊಹೆಯಿತ್ತು: ಜ್ಞಾನ ಅಲ್ಲಿದೆ, ವಿದ್ಯಾರ್ಥಿ ಇಲ್ಲಿಂದ ಹೋಗಿ ಅದನ್ನು ಪಡೆದು ಬರುತ್ತಾನೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಚರಿತ್ರೆಯೂ ಇದಕ್ಕೆ ಹೊರತಾಗಿರಲಿಲ್ಲ. 1900ರಲ್ಲಿ ಅದು ಸ್ಥಾಪನೆಯಾದಾಗ ಅದರ ಮೊದಲ ಕುಲಾಧಿಪತಿಯಾದ ಜೋಸೆಫ್ ಚೇಂಬರ್ಲೇನ್ ಬ್ರಿಟನ್ನಿನ ವಸಾಹತು ಸಚಿವನೂ ಆಗಿದ್ದ. ಇಂತಹ ಸಂಸ್ಥೆಯೊಳಗಿಂದಲೇ, ಜ್ಞಾನದ ಹರಿವಿನ ಬಗೆಗಿನ ಆ ಊಹೆಯನ್ನು ಬುಡಮೇಲು ಮಾಡುವ ಅಧ್ಯಯನ ಮೂಡಿಬಂದದ್ದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಹಾಲ್ ತಮ್ಮೊಂದಿಗೆ ಕೊಂಡೊಯ್ದ ಬುತ್ತಿ ಯಾವುದು ಎಂಬುದನ್ನು ಅವರೇ ಮುಂದೆ ವಿವರಿಸಿದ್ದಾರೆ. ಕಿಂಗ್‌ಸ್ಟನ್ನಿನ ಅವರ ಮನೆ ಮಧ್ಯಮವರ್ಗದ್ದು. ತಂದೆ ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಹಣ್ಣಿನ ಕಂಪನಿಯ ಉದ್ಯೋಗಿ. ಆ ಸಮಾಜದಲ್ಲಿ ಮೈಬಣ್ಣದ ಪ್ರತಿಯೊಂದು ಛಾಯೆಗೂ ಒಂದೊಂದು ಅಂತಸ್ತು. ಮನೆಮಂದಿಯಲ್ಲೆಲ್ಲ ಹಾಲ್ ಅವರೇ ಹೆಚ್ಚು ಕಪ್ಪು. ತೊಟ್ಟಿಲಲ್ಲಿದ್ದ ಮಗುವನ್ನು ಕಂಡು ಅವರ ಅಕ್ಕ, ಈ ಕೂಲಿ ಮಗುವನ್ನು ಎಲ್ಲಿಂದ ತಂದಿರಿ ಎಂದು ಕೇಳಿದ್ದಳಂತೆ. ಜಮೈಕಾದಲ್ಲಿ ‘ಕೂಲಿ’ ಎಂಬುದು 1845ರಿಂದ ಕರಾರಿನ ಮೇಲೆ ಕಬ್ಬಿನ ತೋಟಗಳಿಗೆ ಸಾಗಿಸಲ್ಪಟ್ಟ ಭಾರತೀಯ ಕಾರ್ಮಿಕರನ್ನೂ ಅವರ ಸಂತತಿಯನ್ನೂ ಹೀಗಳೆಯುವ ಮಾತು. ದಕ್ಷಿಣ ಭಾರತದ ಭಾಷೆಗಳಿಗೆ ಚಿರಪರಿಚಿತವಾದ ಪದವೊಂದು ಸಾಗರದಾಚೆ ಅವಮಾನದ ಗುರುತಾಗಿ, ಸಂಸ್ಕೃತಿ ಅಧ್ಯಯನದ ಪ್ರಮುಖ ಚಿಂತಕರೊಬ್ಬರ ತೊಟ್ಟಿಲಿಗೇ ಅಂಟಿಕೊಂಡದ್ದು ಭಾರತೀಯ ಓದುಗರು ಗಮನಿಸಬೇಕಾದ ಸಂಗತಿ. ಮುಂದೆ ಅದೇ ಅಕ್ಕ ಬಾರ್ಬಡೋಸಿನಿಂದ ಬಂದ ಕಪ್ಪು ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಮೆಚ್ಚಿದಾಗ ತಂದೆತಾಯಿಗಳು ಸಂಬಂಧವನ್ನು ಮುರಿದರು. ಆಕೆ ತೀವ್ರವಾದ ಮಾನಸಿಕ ಅಸ್ವಸ್ಥತೆಗೆ ಒಳಗಾದಳು. ವಸಾಹತುಶಾಹಿ ಎಂಬುದು ಕೇವಲ ಹೊರಗಿನ ಆಡಳಿತವಾಗಿರದೆ ಮನೆಯ ಅಡುಗೆಮನೆಯವರೆಗೆ, ಮನಸ್ಸಿನ ಒಳಕೋಣೆಯವರೆಗೆ ಬರುವಂಥದ್ದು ಎಂಬ ಅರಿವು ತಮಗೆ ಆದದ್ದು ಆ ದುರಂತದಿಂದ ಎಂದು ಹಾಲ್ ಹೇಳಿಕೊಂಡಿದ್ದಾರೆ. ಆಕ್ಸ್‌ಫರ್ಡಿನ ಯಾವ ಉಪನ್ಯಾಸಕ್ಕೂ ಮೊದಲೇ ಅವರಿಗೆ ಸಿಕ್ಕಿದ ಪಾಠ ಇದು.

ದೇಶದೊಳಗಿನ ಪರದೇಶಿಗಳು

ಹಾಲ್ ಬರ್ಮಿಂಗ್‌ಹ್ಯಾಮಿಗೆ ಬರುವ ಮುನ್ನವೇ ಇಂಗ್ಲೆಂಡಿನಲ್ಲಿ ಸಂಸ್ಕೃತಿಯ ಕುರಿತ ಹೊಸ ಚಿಂತನೆಗೆ ನೆಲ ಹದವಾಗಿತ್ತು. ಅದನ್ನು ಹದಗೊಳಿಸಿದವರೂ ಒಂದರ್ಥದಲ್ಲಿ ಪರದೇಶಿಗಳೇ. ಹೊಗಾರ್ಟ್ 1918ರಲ್ಲಿ ಲೀಡ್ಸ್ ನಗರದ ಬಡ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ವಿದ್ಯಾರ್ಥಿವೇತನಗಳ ಆಸರೆಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. 1957ರಲ್ಲಿ ಪ್ರಕಟವಾದ ಅವರ ‘ದಿ ಯೂಸಸ್ ಆಫ್ ಲಿಟರಸಿ’ ಗ್ರಂಥದಲ್ಲಿ ಇಂತಹ ಹುಡುಗನ ಸ್ಥಿತಿಯನ್ನೇ ವಿಶ್ಲೇಷಿಸುವ ಭಾಗವಿದೆ. ಓದಿನಿಂದಾಗಿ ತನ್ನ ಕೇರಿಯಿಂದ ದೂರವಾಗುವ, ಹೊಸ ವರ್ಗದಲ್ಲಿಯೂ ನೆಲೆ ಕಾಣದ ಅವನು, ಎರಡು ಲೋಕಗಳ ನಡುವಿನ ಘರ್ಷಣೆ ನಡೆಯುವ ಬಿಂದುವಿನಲ್ಲಿಯೇ ನಿಲ್ಲಬೇಕಾಗುತ್ತದೆ. ರೇಮಂಡ್ ವಿಲಿಯಮ್ಸ್ ವೇಲ್ಸ್ ಗಡಿಭಾಗದ ಹಳ್ಳಿಯೊಂದರ ರೈಲ್ವೆ ಸಿಗ್ನಲ್ ನೌಕರನ ಮಗ. ಕೇಂಬ್ರಿಜ್‌ಗೆ ಓದಲು ಹೋದ ಅವರಿಗೆ ಅದು ತಮ್ಮದೇ ರಾಜ್ಯದ ಇನ್ನೊಂದು ದೇಶವಾಗಿತ್ತು. 1958ರ ‘ಕಲ್ಚರ್ ಅಂಡ್ ಸೊಸೈಟಿ’ ಗ್ರಂಥವೂ 1960ರ ‘ಬಾರ್ಡರ್ ಕಂಟ್ರಿ’ ಕಾದಂಬರಿಯೂ ಆ ಪ್ರಯಾಣದ ಎರಡು ಫಲಗಳು. ಇಬ್ಬರೂ ಮೊದಲು ಪಾಠ ಹೇಳಿದ್ದು ದುಡಿಯುವ ವಯಸ್ಕರಿಗಾಗಿ ನಡೆಯುತ್ತಿದ್ದ ತರಗತಿಗಳಲ್ಲಿ.

ಬರ್ಮಿಂಗ್‌ಹ್ಯಾಮಿನ ಕೇಂದ್ರ ಮುಂದೆ ಬಹುವಾಗಿ ಆಧರಿಸಿದ ಇಟಲಿಯ ಚಿಂತಕ ಆಂಟೋನಿಯೊ ಗ್ರಾಮ್ಷಿಯ ಕಥೆಯೂ ಇದೇ ಬಗೆಯದು. ಸಾರ್ಡೀನಿಯ ದ್ವೀಪದ ಬಡ ಹುಡುಗ 1911ರಲ್ಲಿ ವಿದ್ಯಾರ್ಥಿವೇತನ ಗೆದ್ದು ಟೂರಿನ್ ನಗರಕ್ಕೆ ಓದಲು ಬಂದ. ದಕ್ಷಿಣದ ರೈತರನ್ನೂ ಉತ್ತರದ ಕಾರ್ಖಾನೆಗಳನ್ನೂ ಒಟ್ಟಿಗೆ ಕಾಣಬಲ್ಲ ಕಣ್ಣು ಅವನಿಗೆ ಬಂದದ್ದು ಆ ಸ್ಥಾನಪಲ್ಲಟದಿಂದಲೇ. ಹೀಗೆ ನೋಡಿದರೆ ಸಂಸ್ಕೃತಿ ಅಧ್ಯಯನದ ಪೂರ್ವಸೂರಿಗಳೆಲ್ಲ ಅಂಚಿನಿಂದ ಕೇಂದ್ರಕ್ಕೆ ಓದಲು ಹೋದ ಹುಡುಗರು. ಕೇಂದ್ರದಲ್ಲಿರುವವರಿಗೆ ಗಾಳಿಯಷ್ಟೇ ಸಹಜವಾಗಿ ತೋರುವ ರೀತಿನೀತಿಗಳು ಇವರಿಗೆ ಕಲಿತು ಅರ್ಥಮಾಡಿಕೊಳ್ಳಬೇಕಾದ ಸಂಗತಿಗಳಾಗಿ ಕಂಡವು. ಸಹಜವೆಂದು ತೋರುವುದು ಸಹಜವಲ್ಲ, ಅದು ಚರಿತ್ರೆಯಲ್ಲಿ ಕಟ್ಟಲ್ಪಟ್ಟದ್ದು ಎಂಬ ಈ ಶಿಸ್ತಿನ ಮೂಲಸೂತ್ರ ಹುಟ್ಟಿದ್ದು ಈ ಅನುಭವದಿಂದ.

ಆಕ್ಸ್‌ಫರ್ಡಿನಲ್ಲಿ ಹಾಲ್ ಅವರ ಒಡನಾಡಿಗಳ ಗುಂಪೂ ಇದನ್ನು ಸಮರ್ಥಿಸುತ್ತದೆ. 1957ರಲ್ಲಿ ಅವರು ‘ಯೂನಿವರ್ಸಿಟೀಸ್ ಅಂಡ್ ಲೆಫ್ಟ್ ರಿವ್ಯೂ’ ಎಂಬ ಪತ್ರಿಕೆಯನ್ನು ಆರಂಭಿಸಿದಾಗ ಜೊತೆಗಿದ್ದವರಲ್ಲಿ ಕೆನಡಾದಿಂದ ಬಂದ ಚಾರ್ಲ್ಸ್ ಟೇಲರ್, ಲಂಡನ್ನಿನ ಯಹೂದಿ ಕುಟುಂಬದ ರಾಫೆಲ್ ಸ್ಯಾಮ್ಯುಯೆಲ್ ಮೊದಲಾದವರು ಇದ್ದರು. ಹೆನ್ರಿ ಜೇಮ್ಸ್‌ನ ಕಾದಂಬರಿಗಳ ಮೇಲೆ ಕೈಗೊಂಡಿದ್ದ ಸಂಶೋಧನೆಯನ್ನು ಹಾಲ್ ಅರ್ಧಕ್ಕೆ ಬಿಟ್ಟರು. 1956ರ ಹಂಗೆರಿ ಮತ್ತು ಸೂಯೆಜ್ ಘಟನೆಗಳ ತರುವಾಯದ ರಾಜಕೀಯ ಅವರನ್ನು ಹೊರಗೆಳೆದಿತ್ತು. ಅಮೆರಿಕದಿಂದ ಯೂರೋಪಿಗೆ ಬಂದು ಪರದೇಶಿಯಾಗಿಯೇ ಬರೆದ ಜೇಮ್ಸ್‌ನನ್ನು ಅವರು ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು. ಡಾಕ್ಟರೇಟ್ ಪದವಿ ಅವರಿಗೆ ಕೊನೆಗೂ ದಕ್ಕಲಿಲ್ಲ. ಆ ನಂತರ ಲಂಡನ್ನಿನ ಶಾಲೆಯೊಂದರಲ್ಲಿ ಪಾಠ ಹೇಳಿದರು, 1960ರಲ್ಲಿ ‘ನ್ಯೂ ಲೆಫ್ಟ್ ರಿವ್ಯೂ’ ಪತ್ರಿಕೆಯ ಮೊದಲ ಸಂಪಾದಕರಾದರು, ಸಿನಿಮಾ ಮತ್ತು ಮಾಧ್ಯಮಗಳನ್ನು ಬೋಧಿಸಿದರು. ಬರ್ಮಿಂಗ್‌ಹ್ಯಾಮಿಗೆ ಬರುವಾಗ ಅವರ ಬಳಿ ಇದ್ದದ್ದು ಈ ಅನುಭವ.

ಕೇಂದ್ರದ ಕಾರ್ಯವಿಧಾನ

ಪೆಂಗ್ವಿನ್ ಪ್ರಕಾಶನದ ಅಲೆನ್ ಲೇನ್ ನೀಡಿದ ಧನಸಹಾಯ ಹೊಸ ಕೇಂದ್ರದ ಆರಂಭಕ್ಕೆ ಆಸರೆಯಾಯಿತು. 1960ರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಮೇಲೆ ನಡೆದ ಅಶ್ಲೀಲತೆಯ ಮೊಕದ್ದಮೆಯಲ್ಲಿ ಹೊಗಾರ್ಟ್ ಪೆಂಗ್ವಿನ್ ಪರವಾಗಿ ಸಾಕ್ಷ್ಯ ನುಡಿದಿದ್ದರು. ಸಾಹಿತ್ಯ ವಿಮರ್ಶೆಯಲ್ಲಿ ರೂಢಿಯಲ್ಲಿದ್ದ ನಿಕಟ ಓದನ್ನು ಪತ್ರಿಕೆ, ಜಾಹೀರಾತು, ಜನಪ್ರಿಯ ಸಂಗೀತ, ದೂರದರ್ಶನಗಳಿಗೂ ಅನ್ವಯಿಸಬೇಕು, ಆಗ ಸಮಾಜದ ಒಳಬಾಳು ಕಾಣಿಸುತ್ತದೆ ಎಂಬುದು ಅವರ ನಂಬಿಕೆ. ವಿಶ್ವವಿದ್ಯಾಲಯದ ಒಳಗೆ ಇದಕ್ಕೆ ಆದರವೇನೂ ಇರಲಿಲ್ಲ. ಸಾಹಿತ್ಯದವರಿಗೆ ಇದು ಸಾಹಿತ್ಯವಾಗಿ ಕಾಣಲಿಲ್ಲ, ಸಮಾಜಶಾಸ್ತ್ರದವರಿಗೆ ಸಮಾಜಶಾಸ್ತ್ರವಾಗಿ ಕಾಣಲಿಲ್ಲ.

1968ರಲ್ಲಿ ಹೊಗಾರ್ಟ್ ಯುನೆಸ್ಕೋ ಕಡೆಗೆ ಸರಿದಾಗ ಕೇಂದ್ರದ ಹೊಣೆ ಹಾಲ್ ಅವರ ಹೆಗಲೇರಿತು. 1979ರವರೆಗೂ ಅದನ್ನು ಅವರು ನಿರ್ವಹಿಸಿದರು. ಸ್ನಾತಕೋತ್ತರ ಸಂಶೋಧಕರು ಮಾತ್ರ ಇದ್ದ ಆ ಪುಟ್ಟ ಕೇಂದ್ರದಲ್ಲಿ ಓದುವ ಕ್ರಮವೇ ಬೇರೆಯಾಗಿತ್ತು. ವಿದ್ಯಾರ್ಥಿಗಳು ಗುಂಪುಗಳಾಗಿ ಓದುತ್ತಿದ್ದರು, ಗುಂಪಾಗಿ ಬರೆಯುತ್ತಿದ್ದರು. ಬರೆದದ್ದನ್ನು ಸ್ಟೆನ್ಸಿಲ್ ಪ್ರತಿಗಳಾಗಿ ತಾವೇ ಹೊರತರುತ್ತಿದ್ದರು. 1971ರಿಂದ ಕೇಂದ್ರದ್ದೇ ಆದ ಪತ್ರಿಕೆಯೂ ಪ್ರಕಟವಾಗತೊಡಗಿತು. ವಿದ್ಯಾರ್ಥಿಗಳು ಗುರುಗಳನ್ನು ಪ್ರಶ್ನಿಸಿದ್ದು ಈ ಕ್ರಮದ ಭಾಗವೇ ಆಯಿತು. 1978ರಲ್ಲಿ ಮಹಿಳಾ ಗುಂಪು ಪ್ರಕಟಿಸಿದ ‘ವಿಮೆನ್ ಟೇಕ್ ಇಶ್ಯೂ’ ಕೇಂದ್ರದ ಪುರುಷಪ್ರಧಾನ ಆಸಕ್ತಿಗಳನ್ನೇ ತರಾಟೆಗೆ ತೆಗೆದುಕೊಂಡಿತು. 1982ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಸಂಕಲನದಲ್ಲಿ ಪಾಲ್ ಗಿಲ್ರಾಯ್, ಹೇಜಲ್ ಕಾರ್ಬಿ, ಪ್ರತಿಭಾ ಪರ್ಮಾರ್ ಮೊದಲಾದವರು ಜನಾಂಗಭೇದದ ಪ್ರಶ್ನೆಯನ್ನು ನಡುವಿಗೆ ತಂದರು. ಬ್ರಿಟಿಷ್ ಸಂಸ್ಕೃತಿ ಎಂದು ಹೇಳುವಾಗ ಬಿಳಿಯರ ಸಂಸ್ಕೃತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದ ಈ ಶಿಸ್ತಿನ ಹಿರಿಯರನ್ನೂ, ವಿಲಿಯಮ್ಸ್ ಅವರನ್ನೂ ಸೇರಿಸಿ, ಗಿಲ್ರಾಯ್ 1987ರ ತಮ್ಮ ಗ್ರಂಥದಲ್ಲಿ ನಿಷ್ಠುರವಾಗಿ ವಿಮರ್ಶಿಸಿದರು. ಅಂಚಿನಿಂದ ಬಂದವರೂ ಹೊಸ ಕೇಂದ್ರವಾಗಿಬಿಡಬಲ್ಲರು ಎಂಬ ಎಚ್ಚರ ಈ ವಿಮರ್ಶೆಗಳಲ್ಲಿತ್ತು.

ಕಿಟಕಿಯಾಚೆಯ ನಗರ

ತರಗತಿಯ ಹೊರಗಿದ್ದ ಬರ್ಮಿಂಗ್‌ಹ್ಯಾಮನ್ನು ಬಿಟ್ಟು ಈ ಕಥೆ ಪೂರ್ಣವಾಗದು. ಎರಡನೆಯ ಮಹಾಯುದ್ಧದ ಬಳಿಕ ಆ ಪ್ರದೇಶದ ಎರಕದ ಕಾರ್ಖಾನೆಗಳಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಕೆರಿಬಿಯನ್ ದ್ವೀಪಗಳಿಂದ, ಪಂಜಾಬಿನಿಂದ, ಪಾಕಿಸ್ತಾನದಿಂದ ಜನ ಬಂದರು. 1962ರ ಕಾಯಿದೆ ಅವರ ವಲಸೆಗೆ ಕಡಿವಾಣ ಹಾಕಿತು. 1964ರ ಅಕ್ಟೋಬರ್ ಚುನಾವಣೆಯಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೊಂದಿಕೊಂಡಿರುವ ಸ್ಮೆದಿಕ್ ಕ್ಷೇತ್ರದಲ್ಲಿ ಜನಾಂಗದ್ವೇಷದ ಪ್ರಚಾರ ಬಹಿರಂಗವಾಗಿಯೇ ನಡೆದು, ಕನ್ಸರ್ವೇಟಿವ್ ಅಭ್ಯರ್ಥಿ ಗೆದ್ದ. 1965ರ ಫೆಬ್ರವರಿಯಲ್ಲಿ ಅಮೆರಿಕದ ಮಾಲ್ಕಂ ಎಕ್ಸ್ ಆ ಊರಿನ ಬೀದಿಗಳನ್ನು ಕಣ್ಣಾರೆ ಕಾಣಲು ಬಂದರು. ಆ ಸಂದರ್ಭದಲ್ಲಿ ಅಲ್ಲಿನ ಭಾರತೀಯ ಕಾರ್ಮಿಕರ ಸಂಘ ಮುಂಚೂಣಿಯಲ್ಲಿತ್ತು. 1968ರ ಏಪ್ರಿಲ್ 20ರಂದು ಇನಾಕ್ ಪಾವೆಲ್ ವಲಸೆಗಾರರ ವಿರುದ್ಧ ಮಾಡಿದ ಕುಖ್ಯಾತ ಭಾಷಣವೂ ಬರ್ಮಿಂಗ್‌ಹ್ಯಾಮಿನಲ್ಲಿಯೇ ನಡೆಯಿತು.

ಕೇಂದ್ರದ ಬಹುಮುಖ್ಯ ಗ್ರಂಥಗಳಲ್ಲೊಂದಾದ ‘ಪೊಲೀಸಿಂಗ್ ದ ಕ್ರೈಸಿಸ್’ ಹುಟ್ಟಿದ್ದು ಈ ಬೀದಿಗಳಿಂದಲೇ. 1972ರಲ್ಲಿ ನಗರದ ಹ್ಯಾಂಡ್ಸ್‌ವರ್ತ್ ಭಾಗದಲ್ಲಿ ನಡೆದ ಸುಲಿಗೆಯ ಪ್ರಕರಣವೊಂದರಲ್ಲಿ ತರುಣರಿಗೆ ಅತಿ ದೀರ್ಘ ಶಿಕ್ಷೆಗಳನ್ನು ವಿಧಿಸಲಾಯಿತು. ಒಂದು ಅಪರಾಧ ಹೇಗೆ ಪತ್ರಿಕೆಗಳಲ್ಲಿ, ನ್ಯಾಯಾಲಯದಲ್ಲಿ, ರಾಜಕಾರಣದಲ್ಲಿ ಒಂದು ಜನಾಂಗದ ಹೆಸರಿಗೆ ಅಂಟಿದ ಭೀತಿಯಾಗಿ ಬೆಳೆಯಿತು ಎಂಬುದನ್ನು ಹಾಲ್ ಮತ್ತು ಅವರ ನಾಲ್ವರು ಸಹಲೇಖಕರು ವರ್ಷಗಳ ಕಾಲ ಪರಿಶೀಲಿಸಿ 1978ರಲ್ಲಿ ಪ್ರಕಟಿಸಿದರು. ‘ದೇಶ ಸುತ್ತು, ಕೋಶ ಓದು’ ಎಂಬ ಕನ್ನಡದ ಗಾದೆ ಸುತ್ತುವುದನ್ನೂ ಓದುವುದನ್ನೂ ಎರಡು ಕೆಲಸಗಳಾಗಿ ಹೇಳುತ್ತದೆ. ಬರ್ಮಿಂಗ್‌ಹ್ಯಾಮಿನ ಸಾಧನೆಯೆಂದರೆ ದೇಶವನ್ನೇ ಕೋಶದಂತೆ ಓದುವ ಕ್ರಮವೊಂದನ್ನು ರೂಪಿಸಿದ್ದು.

ಎರಡು ಭಾಷೆಗಳಲ್ಲಿ ಒಂದು ಸಂಶೋಧನೆ

ಅನಂತಮೂರ್ತಿಯವರು ಸಂಸ್ಕೃತಿ ಅಧ್ಯಯನ ಕೇಂದ್ರದ ವಿದ್ಯಾರ್ಥಿಯಾಗಿ ದಾಖಲಾದವರಲ್ಲ; ಅವರದು ಇಂಗ್ಲಿಷ್ ಸಾಹಿತ್ಯದ ಸಂಶೋಧನೆ. 1930ರ ದಶಕದ ರಾಜಕೀಯ ಮತ್ತು ಕಾದಂಬರಿ ಎಂಬ ವಿಷಯದ ಮೇಲೆ 1966ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಕಲೆ ಮತ್ತು ಸಮಾಜಗಳ ಸಂಬಂಧವೆಂಬ ಈ ವಿಷಯವೇ ಅಂದಿನ ಆ ವಿಭಾಗದ ಗಾಳಿಯಲ್ಲಿದ್ದ ಚರ್ಚೆಗಳಿಗೆ ಸಮೀಪವಾದದ್ದು. ಆದರೆ ಬರ್ಮಿಂಗ್‌ಹ್ಯಾಮಿನ ವರ್ಷಗಳ ನಿಜವಾದ ಸಂಶೋಧನೆ ನಡೆದದ್ದು ಇನ್ನೊಂದು ಹಸ್ತಪ್ರತಿಯಲ್ಲಿ, ಇನ್ನೊಂದು ಭಾಷೆಯಲ್ಲಿ.

ಅನಂತಮೂರ್ತಿಯವರು ಹಲವು ಸಂದರ್ಭಗಳಲ್ಲಿ ಹೇಳಿಕೊಂಡಿರುವ ಸಂಗತಿ ಇದು. ತಮ್ಮ ಅಧ್ಯಾಪಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರೊಂದಿಗೆ ಅವರು ಇಂಗ್ಮರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ಪರದೆಯ ಕೆಳಗೆ ಅನುವಾದದ ಸಾಲುಗಳಿರಲಿಲ್ಲ. ಪ್ಲೇಗಿನ ಹಾವಳಿಗೆ ಸಿಕ್ಕ ಮಧ್ಯಯುಗದ ಯೂರೋಪು ಆ ಚಿತ್ರದ ವಸ್ತು. ಯೂರೋಪಿನ ಕಲಾವಿದ ಮಧ್ಯಯುಗವನ್ನು ಪುಸ್ತಕಗಳಿಂದ ಕಲ್ಪಿಸಿಕೊಳ್ಳಬೇಕು; ತಮಗಾದರೋ ಬೇರೆ ಬೇರೆ ಯುಗಗಳು ಬದುಕಿನಲ್ಲಿ ಏಕಕಾಲಕ್ಕೆ ಇವೆ ಎಂಬ ಅರ್ಥದ ಮಾತನ್ನು ಅವರು ಬ್ರಾಡ್‌ಬರಿಯವರಿಗೆ ಹೇಳಿದರು. ಹಾಗಾದರೆ ಅದನ್ನೇ ಬರೆಯಬೇಕೆಂದು ಗುರುಗಳು ಪ್ರೇರೇಪಿಸಿದರು. ಹಾಗೆ ಹುಟ್ಟಿದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು.

ಈ ಪ್ರಸಂಗವನ್ನು ಲೇಖಕನೊಬ್ಬನ ಸ್ಫೂರ್ತಿಯ ಕಥೆಯಾಗಿ ಮಾತ್ರ ಓದುವುದು ರೂಢಿ. ವಿದ್ಯಾಭ್ಯಾಸದ ಚರಿತ್ರೆಯಲ್ಲಿಟ್ಟು ಓದಿದರೆ ಅದರ ಮಹತ್ವ ಬೇರೆ. ಸ್ವೀಡನ್ನಿನ ಚಿತ್ರವೊಂದು ಇಂಗ್ಲೆಂಡಿನ ಊರೊಂದರಲ್ಲಿ ಭಾಷೆ ತಿಳಿಯದ ಕನ್ನಡಿಗನಿಗೆ ಮಲೆನಾಡಿನ ಅಗ್ರಹಾರವನ್ನು ತೋರಿಸಿತು. ನಾರಣಪ್ಪನ ಹೆಣವನ್ನು ಯಾರು ಸಂಸ್ಕಾರ ಮಾಡಬೇಕೆಂಬ ಪ್ರಶ್ನೆ ದೂರ್ವಾಸಪುರದ ಬ್ರಾಹ್ಮಣರಿಗೆ ಧರ್ಮಶಾಸ್ತ್ರದ ಪ್ರಶ್ನೆ. ಅದನ್ನು ಮಡಿ, ಆಸೆ, ಅಧಿಕಾರ, ಒಡವೆಗಳ ಜಾಲವಾಗಿ ಕಾಣಬೇಕಾದರೆ ಅಗ್ರಹಾರದ ಒಳಗನ್ನು ಬಲ್ಲವನಾಗಿರಬೇಕು, ಅದರಿಂದ ಅಷ್ಟು ದೂರವೂ ನಿಂತಿರಬೇಕು. ಕಿಂಗ್‌ಸ್ಟನ್ನಿನ ಮನೆಯಲ್ಲಿ ಮೈಬಣ್ಣದ ಶ್ರೇಣಿ ಮಾಡಿದ ಕೆಲಸವನ್ನೇ ಅಗ್ರಹಾರದಲ್ಲಿ ಮಡಿಮೈಲಿಗೆಯ ಶ್ರೇಣಿ ಮಾಡುತ್ತಿತ್ತು. ಹಾಲ್ ಮತ್ತು ಅನಂತಮೂರ್ತಿ ಇಬ್ಬರಿಗೂ ಬಾಲ್ಯದ ಈ ಶ್ರೇಣಿಗಳು ಚಿಂತನೆಯ ವಸ್ತುವಾಗಿ ಮಾಗಿದ್ದು ದೂರದಲ್ಲಿ ನಿಂತಾಗ. ಹಾಲ್ ತಮ್ಮನ್ನು ‘ಪರಿಚಿತ ಅಪರಿಚಿತ’ ಎಂದು ಬಣ್ಣಿಸಿಕೊಂಡರು. ಅವರ ಮರಣಾನಂತರ 2017ರಲ್ಲಿ ಬಂದ ಆತ್ಮಕಥನದ ಹೆಸರೂ ಅದೇ. ಅನಂತಮೂರ್ತಿಯವರು ತಮ್ಮಂಥ ಲೇಖಕನ ನೆಲೆಯನ್ನು ಒಳಗಿದ್ದೇ ವಿಮರ್ಶಿಸುವವನ ನೆಲೆ ಎಂದರು. ಒಂದು ಹೊರಗಿನಿಂದ ಒಳಗಾದವನ ಸ್ಥಿತಿ, ಇನ್ನೊಂದು ಒಳಗಿದ್ದೇ ಹೊರಗಾದವನ ಸ್ಥಿತಿ.

ಇಬ್ಬರ ನಡುವಣ ಮುಖ್ಯ ವ್ಯತ್ಯಾಸ ಭಾಷೆಯದು. ಹಾಲ್ ಅವರಿಗೆ ಬರವಣಿಗೆಗೆ ಇದ್ದದ್ದು ಇಂಗ್ಲಿಷ್ ಒಂದೇ. ಆದ್ದರಿಂದ ಅವರು ಇಂಗ್ಲಿಷ್ ಲೋಕದೊಳಗೆ ನಿಂತು ಅದರ ಅರ್ಥಗಳನ್ನೇ ಅಲುಗಾಡಿಸಬೇಕಾಯಿತು. ಅನಂತಮೂರ್ತಿಯವರಿಗೆ ಮರಳಲು ಒಂದು ಊರಿನಂತೆಯೇ ಒಂದು ಭಾಷೆಯೂ ಇತ್ತು. ಮಹಾಪ್ರಬಂಧ ವಿಶ್ವವಿದ್ಯಾಲಯಕ್ಕೆ ಸಂದಿತು, ಕಾದಂಬರಿ ಕನ್ನಡಕ್ಕೆ ಸಂದಿತು. ಅವರನ್ನು ಲೋಕ ನೆನೆಯುವುದು ಎರಡನೆಯದರಿಂದ. 1976ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಎ. ಕೆ. ರಾಮಾನುಜನ್ ಅವರೂ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಓದಿ ಚಿಕಾಗೋದಲ್ಲಿ ನೆಲೆಸಿದವರು ಎಂಬುದು ಈ ವೃತ್ತಾಂತಕ್ಕೆ ಒದಗಿದ ಇನ್ನೊಂದು ಕೊಂಡಿ.

ಮರಳಿ ಬಂದವನ ಪರೀಕ್ಷೆ

ಪರದೇಶದಲ್ಲಿ ಪಡೆದ ದೃಷ್ಟಿ ಊರಿನಲ್ಲಿ ಏನಾಗುತ್ತದೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ನಿಷ್ಠುರವಾಗಿ ಎತ್ತಿದ ಕೃತಿಗಳಲ್ಲಿ ಅನಂತಮೂರ್ತಿಯವರದೇ ‘ಭಾರತೀಪುರ’ ಪ್ರಮುಖವಾದದ್ದು. 1973ರಲ್ಲಿ ಪ್ರಕಟವಾದ ಈ ಕಾದಂಬರಿಯ ಜಗನ್ನಾಥ ಇಂಗ್ಲೆಂಡಿನಿಂದ ಮರಳಿದ ಜಮೀನ್ದಾರ. ಊರಿನ ಬದುಕೆಲ್ಲ ಮಂಜುನಾಥನ ದೇವಸ್ಥಾನಕ್ಕೆ ಕಟ್ಟುಬಿದ್ದಿದೆ ಎಂದರಿತು, ಹೊಲೆಯರನ್ನು ದೇವಾಲಯದೊಳಗೆ ಕರೆದೊಯ್ಯಲು ಅವನು ನಿರ್ಧರಿಸುತ್ತಾನೆ. ಮನೆಯ ಸಾಲಿಗ್ರಾಮವನ್ನು ಅವರಿಂದ ಮುಟ್ಟಿಸುವ ಸನ್ನಿವೇಶದಲ್ಲಿ ಅವನ ವಿಚಾರವಂತಿಕೆಯೇ ಒಂದು ಬಗೆಯ ಕ್ರೌರ್ಯವಾಗಿ ಹೊರಳುತ್ತದೆ. ಅವನ ಮಟ್ಟಿಗೆ ಕಲ್ಲಿನ ಮಹಿಮೆಯನ್ನು ಅಳಿಸುವ ಆ ಕ್ರಿಯೆ, ಮುಟ್ಟುವವರಿಗೆ ಭಯ ಮತ್ತು ಬಲವಂತ. ಅವರ ಬಿಡುಗಡೆಯ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಅವರ ಮಾತಿಗೆ ಜಾಗವೇ ಇಲ್ಲ. ಹೊರಗೆ ಕಲಿತ ದೃಷ್ಟಿ ಎಷ್ಟು ನಿಚ್ಚಳವಾಗಿದ್ದರೂ, ಅದನ್ನು ಹೊತ್ತವನು ತನ್ನ ಸ್ಥಾನವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಈ ಕಾದಂಬರಿ ತೋರಿಸುತ್ತದೆ.

ಕನ್ನಡದ ಸಂದರ್ಭದಲ್ಲಿ ಅದೇ 1973ರ ಇನ್ನೊಂದು ಘಟನೆಯನ್ನು ಇದರ ಪಕ್ಕದಲ್ಲಿಡಬೇಕು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತನ್ನು ಸಚಿವ ಬಿ. ಬಸವಲಿಂಗಪ್ಪನವರು ಆಡಿದ್ದು ರಾಜ್ಯದಾದ್ಯಂತ ಕೋಲಾಹಲಕ್ಕೆ ಕಾರಣವಾಗಿ, ಅವರು ಸಚಿವ ಪದವಿಯನ್ನೇ ಬಿಡಬೇಕಾಯಿತು. ಯಾವುದು ಸಾಹಿತ್ಯ, ಅದು ಯಾರ ಬದುಕನ್ನು ಕಾಣಿಸುತ್ತದೆ, ಅದರ ಬೆಲೆಯನ್ನು ನಿರ್ಧರಿಸುವವರು ಯಾರು ಎಂಬವು ಆ ವಿವಾದದ ಒಡಲಲ್ಲಿದ್ದ ಪ್ರಶ್ನೆಗಳು. ಬರ್ಮಿಂಗ್‌ಹ್ಯಾಮಿನಲ್ಲಿ ಅಧ್ಯಯನದ ಭಾಷೆಯಲ್ಲಿ ಕೇಳಲಾಗುತ್ತಿದ್ದ ಪ್ರಶ್ನೆಗಳು ಕರ್ನಾಟಕದ ಬೀದಿಗಳಲ್ಲಿ ಏಟು ತಿನ್ನುತ್ತ ಕೇಳಿಬಂದವು. ದಲಿತ ಸಂಘರ್ಷ ಸಮಿತಿಯೂ ದಲಿತ ಬಂಡಾಯ ಸಾಹಿತ್ಯವೂ ರೂಪುಗೊಂಡದ್ದು ಆ ಕಾವಿನಲ್ಲಿ. ಸಂಸ್ಕೃತಿಯನ್ನು ಅಧಿಕಾರದ ಕಣವಾಗಿ ಕಾಣುವ ದೃಷ್ಟಿ ಕನ್ನಡಕ್ಕೆ ಹಡಗಿನಲ್ಲಿಯೇ ಬರಬೇಕಾಗಿರಲಿಲ್ಲ ಎಂಬುದಕ್ಕೆ ಇದು ನಿದರ್ಶನ. ಜಗನ್ನಾಥನಿಗೆ ಕೇಳಿಸದೆ ಹೋದ ಮಾತು ಕೇರಿಯಿಂದಲೇ ಎದ್ದುಬಂದಿತ್ತು.

ಮುಚ್ಚಿದ ಬಾಗಿಲು, ತೆರೆದ ದಾರಿಗಳು

ಶಿಸ್ತಿನ ಮುಂದಿನ ಚರಿತ್ರೆ ಏರಿಳಿತಗಳದು. 1960ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಕೇಂದ್ರಕ್ಕೆ ಓದಲು ಬಂದಿದ್ದ ಲಾರೆನ್ಸ್ ಗ್ರಾಸ್‌ಬರ್ಗ್ ಅದನ್ನು ತಮ್ಮ ದೇಶದಲ್ಲಿ ಬಿತ್ತಿದವರಲ್ಲಿ ಒಬ್ಬರು. 1990ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಬೃಹತ್ ಸಮ್ಮೇಳನದಲ್ಲಿ, ಈ ಅಧ್ಯಯನ ಅಮೆರಿಕದಲ್ಲಿ ಅತಿವೇಗವಾಗಿ ಸಾಂಸ್ಥಿಕಗೊಳ್ಳುತ್ತಿರುವುದರ ಅಪಾಯವನ್ನು ಹಾಲ್ ಎತ್ತಿ ಹೇಳಿದರು. ಬೀದಿಯೊಂದಿಗಿನ ಸಂಬಂಧ ಕಡಿದುಹೋದರೆ ಉಳಿಯುವುದು ಪಾಂಡಿತ್ಯದ ಪರಿಭಾಷೆ ಮಾತ್ರ ಎಂಬ ಆತಂಕ ಅದರಲ್ಲಿತ್ತು.

ಅಷ್ಟರಲ್ಲಿ ಬ್ರಿಟನ್ನಿನ ಬಾಗಿಲು ಕಿರಿದಾಗಿತ್ತು. 1967ರವರೆಗೆ ಹೊರದೇಶದ ವಿದ್ಯಾರ್ಥಿಗೂ ಸ್ಥಳೀಯ ವಿದ್ಯಾರ್ಥಿಗೂ ಶುಲ್ಕ ಒಂದೇ ಆಗಿತ್ತು. ಆ ವರ್ಷದಿಂದ ಸ್ಥಳೀಯರಿಗೆ ಸುಮಾರು 70 ಪೌಂಡ್, ಹೊರಗಿನವರಿಗೆ 250 ಪೌಂಡ್ ಎಂಬ ಭೇದ ಬಂತು. 1980ರಿಂದ ಹೊರದೇಶದವರು ತಮ್ಮ ಶಿಕ್ಷಣದ ಪೂರ್ಣ ವೆಚ್ಚವನ್ನು ಭರಿಸಬೇಕಾಯಿತು. ಅಲ್ಲಿಂದೀಚೆಗೆ ವಿದೇಶೀ ವಿದ್ಯಾರ್ಥಿ ಎಂದರೆ ವಿಶ್ವವಿದ್ಯಾಲಯದ ಆದಾಯದ ಒಂದು ಬಾಬ್ತು. ಶುಲ್ಕದ ಹೊರೆ ಹೊತ್ತವನು ಓದನ್ನು ಅರ್ಧಕ್ಕೆ ಬಿಟ್ಟು ಪತ್ರಿಕೆ ನಡೆಸುವ ಸಾಹಸ ಮಾಡಲಾರ. ಪಠ್ಯದಾಚೆಯ ಕಾದಂಬರಿಗೆ ಬಿಡುವು ಮಾಡಿಕೊಳ್ಳುವುದೂ ಅವನಿಗೆ ಕಷ್ಟ. ಹಾಲ್ ಮತ್ತು ಅನಂತಮೂರ್ತಿಯವರ ಮುಖ್ಯ ಸಾಧನೆಗಳೆರಡೂ ಪದವಿಯ ಲೆಕ್ಕಕ್ಕೆ ಹೊರಗಿನವು ಎಂಬುದನ್ನು ನೆನೆದರೆ ಈ ಬದಲಾವಣೆಯಿಂದಾದ ನಷ್ಟದ ಅಳತೆ ತಿಳಿಯುತ್ತದೆ. 2002ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಆ ಕೇಂದ್ರದ ಉತ್ತರಾಧಿಕಾರಿಯಾಗಿದ್ದ ವಿಭಾಗವನ್ನೇ ಮುಚ್ಚಿತು. ಹಿಂದಿನ ವರ್ಷದ ಸಂಶೋಧನಾ ಮೌಲ್ಯಮಾಪನದಲ್ಲಿ ದೊರೆತ ದರ್ಜೆ ಅದಕ್ಕೆ ಕೊಟ್ಟ ಕಾರಣ. ಜಗತ್ತಿನ ನಾನಾ ಕಡೆಗಳ ವಿದ್ವಾಂಸರು ಪ್ರತಿಭಟಿಸಿದರೂ ನಿರ್ಧಾರ ಬದಲಾಗಲಿಲ್ಲ.

ಹುಟ್ಟಿದ ಮನೆ ಮುಚ್ಚಿದರೂ ಓದು ನಿಲ್ಲಲಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನಲ್ಲಿ ‘ಸೆಂಟರ್ ಫಾರ್ ದ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ’ ಸ್ಥಾಪನೆಯಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ತೇಜಸ್ವಿನಿ ನಿರಂಜನ, ಕನ್ನಡದ ಕಾದಂಬರಿಕಾರರಾದ ನಿರಂಜನ ಮತ್ತು ಅನುಪಮಾ ನಿರಂಜನರ ಮಗಳು. ಕ್ಯಾಲಿಫೋರ್ನಿಯಾದಲ್ಲಿ ಸಂಶೋಧನೆ ಮಾಡಿದವರು. ವಸಾಹತು ಕಾಲದ ಅನುವಾದಗಳನ್ನು ಕುರಿತ ಅವರ ಮೊದಲ ಗ್ರಂಥ 1992ರಲ್ಲಿ ಬಂತು. ಮುಂದೆ ಅವರು ಆಯ್ದುಕೊಂಡ ದಾರಿ ಗಮನಾರ್ಹ. ಅವರ ನೋಟ ಹೊರಳಿದ್ದು ಲಂಡನ್ ನ್ಯೂಯಾರ್ಕುಗಳನ್ನು ಬಿಟ್ಟು ಕೆರಿಬಿಯನ್ನಿನ ಟ್ರಿನಿಡಾಡಿನತ್ತ. 1845ರಿಂದ 1917ರವರೆಗೆ ಸುಮಾರು 1,44,000 ಭಾರತೀಯರು ಕರಾರು ಕೂಲಿಗಳಾಗಿ ಹೋದ ದ್ವೀಪ ಅದು. ಅಲ್ಲಿನ ಭಾರತೀಯ ಮೂಲದ ಮಹಿಳೆಯರ ಹಾಡುಗಾರಿಕೆಯನ್ನು ಪರಿಶೀಲಿಸುತ್ತ, ಆಧುನಿಕ ಭಾರತೀಯ ಸ್ತ್ರೀಯ ಆದರ್ಶವನ್ನು ನಮ್ಮ ರಾಷ್ಟ್ರೀಯತೆ ಕಟ್ಟಿದ್ದು ಆ ಕೂಲಿ ಹೆಂಗಸನ್ನು ಹೊರಗಿಟ್ಟು ಎಂಬ ವಾದವನ್ನು 2006ರ ‘ಮೊಬಿಲೈಸಿಂಗ್ ಇಂಡಿಯಾ’ ಗ್ರಂಥದಲ್ಲಿ ಅವರು ಮಂಡಿಸಿದರು. ಹಾಲ್ ಅವರ ತೊಟ್ಟಿಲಿಗೆ ಅಂಟಿದ್ದ ‘ಕೂಲಿ’ ಎಂಬ ಮಾತು, ಕನ್ನಡದ ಮನೆಯಿಂದ ಹೊರಟ ವಿದ್ವಾಂಸರೊಬ್ಬರ ಕೃತಿಯಲ್ಲಿ ಭಾರತವನ್ನೇ ಮರುಓದುವ ಕೀಲಿಕೈಯಾಯಿತು. ತೈವಾನಿನ ಚೆನ್ ಕುವಾನ್‌ಶಿಂಗ್ ಮೊದಲಾದವರು 2000ರಲ್ಲಿ ಆರಂಭಿಸಿದ ‘ಇಂಟರ್ ಏಷ್ಯಾ ಕಲ್ಚರಲ್ ಸ್ಟಡೀಸ್’ ಪತ್ರಿಕೆಯ ಆಶಯವೂ ಇಂಥದ್ದೇ: ಏಷ್ಯಾದ ಸಮಾಜಗಳು ಪಶ್ಚಿಮದ ಮಧ್ಯಸ್ಥಿಕೆಯಿಲ್ಲದೆ ಒಂದನ್ನೊಂದು ಓದಬೇಕು.

ಈ ಚರಿತ್ರೆಯಿಂದ ತಿಳಿದುಬರುವ ಅಂಶ ಸರಳವಾದದ್ದು, ಆದರೆ ಸುಲಭವಾಗಿ ಮರೆತುಹೋಗುವಂಥದ್ದು. ವಿಧಾನವನ್ನು ಎರವಲು ತರಬಹುದು, ಪ್ರಶ್ನೆಯನ್ನು ತರಲಾಗದು. ಹಾಲ್ ಜಮೈಕಾದ ಮನೆಯಿಂದ, ಹೊಗಾರ್ಟ್ ಲೀಡ್ಸಿನ ಕೇರಿಯಿಂದ, ಅನಂತಮೂರ್ತಿ ಮಲೆನಾಡಿನ ಅಗ್ರಹಾರದಿಂದ ತಂತಮ್ಮ ಪ್ರಶ್ನೆಗಳನ್ನು ಹೊತ್ತು ಹೋಗಿದ್ದರು. ವಿಶ್ವವಿದ್ಯಾಲಯ ಅವಕ್ಕೆ ಮಾಗಲು ಬೇಕಾದ ದೂರವನ್ನೂ ಕಾಲವನ್ನೂ ಒದಗಿಸಿತು. ಇಂದು ಸಂಸ್ಕೃತಿ ಅಧ್ಯಯನಕ್ಕಾಗಿ ಕಡಲು ದಾಟುವ ಕನ್ನಡದ ವಿದ್ಯಾರ್ಥಿಗೆ ಗ್ರಂಥಾಲಯ, ಮಾರ್ಗದರ್ಶಕರು, ಸಿದ್ಧಾಂತಗಳ ಭಂಡಾರ ಎಲ್ಲವೂ ಅಲ್ಲಿ ದೊರೆಯುತ್ತವೆ. ತನ್ನ ಭಾಷೆ ಮತ್ತು ಆ ಭಾಷೆಯಲ್ಲಿ ಮಾತ್ರ ಕೇಳಬಹುದಾದ ಪ್ರಶ್ನೆಯನ್ನು ಅವನು ಅಥವಾ ಅವಳು ಇಲ್ಲಿಂದಲೇ ಒಯ್ಯಬೇಕು. ಅದನ್ನು ಹೊಸ್ತಿಲಲ್ಲಿ ಬಿಟ್ಟು ಹೋದವರಿಗೆ ‘ಪರದೇಶಿ’ ಎಂಬ ಮಾತಿನ ಎರಡನೆಯ ಅರ್ಥವೊಂದೇ ಉಳಿಯುತ್ತದೆ. ಒಯ್ದವರಿಗಾದರೋ ಪರದೇಶವೇ ಒಂದು ಶಾಸ್ತ್ರವಾಗುತ್ತದೆ.